ಪಾಸ್ ಆದ ಮೇಲಿನ ಹತ್ತು ನಿಮಿಷ

ಗೇರುಬೀಜ ಕಾರ್ಖಾನೆಯಲ್ಲಿ ಗ್ರೇಡಿಂಗ್, ಅಂದರೆ ಗಾತ್ರ ನೋಡಿ ಗೋಡಂಬಿ ಆರಿಸುವುದು, ಯಾವ ಹೊತ್ತಿಗೆ ಜಾಸ್ತಿ ತಪ್ಪುತ್ತದೆ ಅಂತ ಕೇಳಿ ನೋಡಿ. ಎಲ್ಲರೂ ಒಂದೇ ಉತ್ತರ ಕೊಡುತ್ತಾರೆ: ಸಂಜೆ, ಕಣ್ಣು ಸೋತ ಮೇಲೆ. ನಮ್ಮ ರಿಜಿಸ್ಟರ್ ಮಾತ್ರ ಬೇರೆ ಹೇಳುತ್ತದೆ. ಕೊನೆಯ ತಪಾಸಣೆಯಲ್ಲಿ ಸಿಕ್ಕಿಬಿದ್ದು, ಮತ್ತೆ ಬಿಚ್ಚಿ ಆರಿಸಬೇಕಾಗಿ ಬಂದ ಟಿನ್‌ಗಳನ್ನು ತುಂಬಿದ ಹೊತ್ತು ಅದರಲ್ಲಿ ಬರೆದಿರುತ್ತದೆ. ಅವುಗಳಲ್ಲಿ ಬಹಳಷ್ಟು ತುಂಬಿದ್ದು, ಲ್ಯಾಬಿಗೆ ಕಳಿಸಿದ ಸ್ಯಾಂಪಲ್ ಪಾಸ್ ಆದ ಸ್ವಲ್ಪ ಹೊತ್ತಿನಲ್ಲೇ. ಬೆಳಿಗ್ಗೆ ಪಾಸ್ ಆದ ದಿನ ಬೆಳಿಗ್ಗೆ, ಮಧ್ಯಾಹ್ನ ಆದ ದಿನ ಮಧ್ಯಾಹ್ನ. ಕಣ್ಣು ಸೋಲುವುದಕ್ಕೂ ಅದಕ್ಕೂ ಸಂಬಂಧವೇ ಇಲ್ಲ.

ರಿಜಿಸ್ಟರನ್ನು ಹೀಗೂ ಓದಬಹುದು ಅಂತ ನನಗೆ ಹೊಳೆದದ್ದು ಒಂದು ಫುಟ್‌ಬಾಲ್ ಮ್ಯಾಚ್‌ನಿಂದ. ಅದನ್ನು ಹೇಳುವ ಮೊದಲು ಕೆಲಸದ ಬಗ್ಗೆ ಎರಡು ಮಾತು.

ಮಂಗಳೂರಿನ ಹೊರವಲಯದ ಒಂದು ಕಾರ್ಖಾನೆಯಲ್ಲಿ ನಾನು ಕ್ವಾಲಿಟಿ ನೋಡಿಕೊಳ್ಳುತ್ತೇನೆ. ಗೋಡಂಬಿಯ ಗ್ರೇಡ್ ಅಂದರೆ ಲೆಕ್ಕ. ಡಬ್ಲ್ಯೂ 320 ಅಂದರೆ ಒಂದು ಪೌಂಡಿಗೆ, ಅಂದರೆ 454 ಗ್ರಾಂಗೆ, 300ರಿಂದ 320 ಇಡೀ ಗೋಡಂಬಿ. ಡಬ್ಲ್ಯೂ 240 ಅದಕ್ಕಿಂತ ದಪ್ಪ, ಡಬ್ಲ್ಯೂ 450 ಸಣ್ಣದು. ತೇವಾಂಶ ಶೇ 5 ದಾಟಬಾರದು. ಕೂದಲು ಸಿಕ್ಕಿದರೆ ಮಾತೇ ಇಲ್ಲ, ಇಡೀ ಲಾಟಿಗೇ, ಅಂದರೆ ಒಟ್ಟಿಗೆ ಕಳಿಸುವ ಅಷ್ಟೂ ಸರಕಿಗೇ, ಕೆಟ್ಟ ಹೆಸರು. ಮೆಷಿನ್‌ಗಳು ಬಂದಿವೆ, ಆದರೂ ಕೊನೆಯ ತೀರ್ಪು ಮೇಜಿನ ಸುತ್ತ ಕೂತ ಅಕ್ಕಂದಿರ ಬೆರಳಿನದ್ದು. 320ಕ್ಕೂ 450ಕ್ಕೂ ಇರುವ ವ್ಯತ್ಯಾಸವನ್ನು ಅವರು ನೋಡುವುದಕ್ಕಿಂತ ಮುಟ್ಟಿಯೇ ಹೇಳುತ್ತಾರೆ.

ನಮ್ಮಲ್ಲಿ ಲೋಡಿಂಗ್ ನೋಡುವ ಹುಡುಗ ಕಸ್ಬಾ ಬೆಂಗ್ರೆಯವನು. ಆ ಕಡೆ ಫುಟ್‌ಬಾಲ್ ಜೋರು. ಮಧ್ಯಾಹ್ನ ಊಟದ ಹೊತ್ತಿಗೆ ಮೊಬೈಲ್‌ನಲ್ಲಿ ಹಳೆಯ ಮ್ಯಾಚ್ ಹಾಕಿಕೊಂಡು ಕೂರುತ್ತಾನೆ. ಒಮ್ಮೆ ಅವನು ತೋರಿಸಿದ್ದು 2017ರ 17 ವರ್ಷದೊಳಗಿನವರ ವಿಶ್ವಕಪ್. ಫಿಫಾ ನಡೆಸುವ ವಿಶ್ವಕಪ್ ಒಂದರಲ್ಲಿ ಭಾರತ ಆಡಿದ್ದು ಅದೇ ಮೊದಲು.

1950ರಲ್ಲಿ ವಿಶ್ವಕಪ್ ಆಡಲು ಬ್ರೆಜಿಲ್‌ಗೆ ಹೋಗುವ ಅವಕಾಶ ನಮ್ಮ ದೊಡ್ಡವರ ತಂಡಕ್ಕೆ ಸಿಕ್ಕಿತ್ತು. ಹೋಗಲಿಲ್ಲ. ಬರಿಗಾಲಲ್ಲಿ ಆಡಲು ಬಿಡಲಿಲ್ಲ, ಅದಕ್ಕೇ ಹೋಗಲಿಲ್ಲ ಎಂಬ ಕಥೆ ಎಲ್ಲರ ಬಾಯಲ್ಲೂ ಉಂಟು. ಆದರೆ ಆ ಕಾಲದ ನಾಯಕ ಶೈಲೇನ್ ಮನ್ನಾ ಅವರೇ ಆಮೇಲೆ ಅದನ್ನು ಒಪ್ಪಲಿಲ್ಲ. ಆಗ ನಮ್ಮವರಿಗೆ ಒಲಿಂಪಿಕ್ಸೇ ದೊಡ್ಡದು, ವಿಶ್ವಕಪ್ ಅಂದರೆ ಏನು ಅಂತಲೇ ಸರಿಯಾಗಿ ಗೊತ್ತಿರಲಿಲ್ಲವಂತೆ. ಹಾಗಾಗಿ ಮೊದಲ ಹೆಜ್ಜೆ ಇಡಲು 67 ವರ್ಷ ಕಾಯಬೇಕಾಯಿತು. ಅದೂ ಹುಡುಗರಿಂದ, ಅದೂ ಆತಿಥೇಯ ದೇಶ ಎಂಬ ಕಾರಣಕ್ಕೆ ಅರ್ಹತಾ ಪಂದ್ಯ ಇಲ್ಲದೆ ಸಿಕ್ಕ ಜಾಗ. ಆರು ಊರುಗಳಲ್ಲಿ ಪಂದ್ಯ ಇತ್ತು. ನಮಗೆ ಹತ್ತಿರದ್ದು ಮಡಗಾಂವ್ ಮತ್ತು ಕೊಚ್ಚಿ, ರೈಲು ಹತ್ತಿದರೆ ಆಯಿತು. ಆದರೆ ಭಾರತದ ಮೂರೂ ಪಂದ್ಯ ದೆಹಲಿಯಲ್ಲಿ.

ಅಕ್ಟೋಬರ್ 9ರಂದು ಎದುರಾಳಿ ಕೊಲಂಬಿಯಾ. ಮೊದಲ ಅರ್ಧದಲ್ಲಿ ಕೇರಳದ ರಾಹುಲ್ ಹೊಡೆದ ಚೆಂಡು ಕಂಬಕ್ಕೆ ಬಡಿಯಿತು. 49ನೇ ನಿಮಿಷಕ್ಕೆ ಪೆನಾಲೋಸಾ ಗೋಲು ಹೊಡೆದು ಕೊಲಂಬಿಯಾ ಮುಂದೆ ಹೋಯಿತು. 82ನೇ ನಿಮಿಷಕ್ಕೆ ಭಾರತಕ್ಕೆ ಕಾರ್ನರ್. ತೆಗೆದುಕೊಂಡವನು ನಮ್ಮ ಬೆಂಗಳೂರಿನ ಸಂಜೀವ್ ಸ್ಟಾಲಿನ್. ಮಣಿಪುರದ ಎತ್ತರದ ಹುಡುಗ ಜೀಕ್ಸನ್ ಸಿಂಗ್ ಮೇಲೆದ್ದು ತಲೆಯಿಂದ ಬಡಿದ. ಗೋಲು! ವಿಶ್ವಕಪ್‌ನಲ್ಲಿ ಭಾರತದ ಮೊದಲ ಗೋಲು. ತಂಡದ ನಾಯಕ ಅಮರ್‌ಜಿತ್ ಅವನ ಸೋದರ ಸಂಬಂಧಿ. ಕ್ರೀಡಾಂಗಣ ಹೇಗಾಗಿರಬೇಕು ನೀವೇ ಯೋಚಿಸಿ.

83ನೇ ನಿಮಿಷಕ್ಕೆ ಅದೇ ಪೆನಾಲೋಸಾ ಇನ್ನೊಂದು ಹೊಡೆದ. 2-1. ಮ್ಯಾಚ್ ಅಲ್ಲಿಗೆ ಮುಗಿಯಿತು.

"ಪಾಪ, ಹುಡುಗರು ಖುಷಿಯಲ್ಲಿ ಮೈಮರೆತರು" ಅಂದೆ. ಬೆಂಗ್ರೆಯ ಹುಡುಗ ತಲೆ ಅಲ್ಲಾಡಿಸಿದ. "ಅದು ಮಾತ್ರ ಅಲ್ಲ ಅಕ್ಕಾ. ಗೋಲು ಹೊಡೆದ ಮೇಲೆ ಬಾಲ್ ಯಾರ ಹತ್ರ ಇರ್ತದೆ ಹೇಳಿ? ಹೊಡೆದವರ ಹತ್ರ ಅಲ್ಲ. ಸೆಂಟರಿಂದ ಶುರು ಮಾಡುದು ಗೋಲು ತಿಂದವರು."

ಆಟ ಗೊತ್ತಿದ್ದವರಿಗೆ ಇದು ತೀರಾ ಸಾಮಾನ್ಯ ವಿಷಯ. ನನಗೆ ಮಾತ್ರ ಊಟ ಅಲ್ಲೇ ನಿಂತಿತು. ಗೆದ್ದ ಕ್ಷಣದಲ್ಲೇ ಆಟದ ಹಿಡಿತ ಎದುರಿನವರಿಗೆ ಹೋಗುತ್ತದೆ, ನಿಯಮವೇ ಹಾಗಿದೆ. ಆಮೇಲೆ ಉಳಿದ ಎರಡು ಪಂದ್ಯಗಳನ್ನೂ ಕುತೂಹಲಕ್ಕೆ ನೋಡಿದೆ. ಅಮೆರಿಕದ ವಿರುದ್ಧ 0-3ರಿಂದ ಸೋತ ಮೊದಲ ಪಂದ್ಯದಲ್ಲಿ ಮೂರನೇ ಗೋಲು ಬಂದದ್ದು ಹೇಗೆ ಗೊತ್ತಾ? ಅನ್ವರ್ ಅಲಿ ಹೊಡೆದ ಚೆಂಡು ಮೇಲಿನ ಅಡ್ಡಪಟ್ಟಿಗೆ ಬಡಿದು ಹಿಂದೆ ಬಂತು, ಅದೇ ಓಟದಲ್ಲಿ ಅಮೆರಿಕದವರು ಈ ಕಡೆ ಬಂದು ಗೋಲು ಮಾಡಿದರು. ಘಾನಾ ವಿರುದ್ಧ 0-4. ಅಲ್ಲಿ ಕೊನೆಯ ಎರಡು ಗೋಲು 86 ಮತ್ತು 87ನೇ ನಿಮಿಷಗಳಲ್ಲಿ, ಬೆನ್ನಿಗೆ ಬೆನ್ನು. ಒಟ್ಟು ತಿಂದದ್ದು ಒಂಬತ್ತು. ಅದರಲ್ಲಿ ಮೂರು ಹೀಗೆ, ಏನೋ ಒಂದು ಆದ ಮರುಗಳಿಗೆಯಲ್ಲಿ. ಮೈಮರೆವು ಅಂತ ಬಯ್ಯುವುದು ಸುಲಭ. ಆದರೆ ಹದಿನಾರು ಹದಿನೇಳರ ಹುಡುಗರು, ಅಷ್ಟು ದೊಡ್ಡ ಜಾಗದಲ್ಲಿ ಅವರಿಗೆ ಅದೇ ಮೊದಲು. ಗೋಲು ಹೇಗೆ ಹೊಡೆಯುವುದು ಅಂತ ವರ್ಷಗಟ್ಟಲೆ ಕಲಿತಿರುತ್ತಾರೆ. ಹೊಡೆದ ಮರುನಿಮಿಷ ಎಲ್ಲಿ ನಿಲ್ಲಬೇಕು ಎಂಬುದು ಮೈಗೆ ಬರಲು ಮೊದಲು ಕೆಲವು ಗೋಲು ಹೊಡೆದಿರಬೇಕಲ್ವಾ?

ಇಷ್ಟಾದ ಮೇಲೆ ರಿಜಿಸ್ಟರ್ ತೆಗೆದು, ಟಿನ್ ತುಂಬಿದ ಹೊತ್ತಿನ ಪಕ್ಕ ಸ್ಯಾಂಪಲ್ ಪಾಸ್ ಆದ ಹೊತ್ತು ಬರೆಯುತ್ತಾ ಹೋದೆ. ಚಿತ್ರ ಕಾಣಿಸಿತು. ಹಳೆಯ ಖರೀದಿದಾರರ ಲಾಟಿನಲ್ಲಿ ಅಷ್ಟಾಗಿ ಇಲ್ಲ. ಹೊಸ ಖರೀದಿದಾರರಿಗೆ ಮೊದಲ ಸಲ ಕಳಿಸುವ ಲಾಟಿನಲ್ಲಿ ಜೋರಾಗಿಯೇ ಇದೆ.

ಕಾರಣ ಹುಡುಕಲು ಏನೂ ದೊಡ್ಡ ಸಂಶೋಧನೆ ಬೇಕಾಗಲಿಲ್ಲ, ಮೇಜಿನ ಪಕ್ಕ ಸುಮ್ನೆ ನಿಂತರೆ ಸಾಕಾಯಿತು. ಹೊಸಬರ ಲಾಟ್ ಅಂದರೆ ಬೆಳಿಗ್ಗೆಯಿಂದ ಎಲ್ಲರೂ ಉಸಿರು ಬಿಗಿಹಿಡಿದು ಕೂತಿರುತ್ತಾರೆ. ಲ್ಯಾಬಿನಿಂದ "ಪಾಸ್" ಅಂತ ಬಂದ ಕೂಡಲೇ ಮೂರು ಕೆಲಸ ಒಟ್ಟಿಗೆ ಆಗುತ್ತವೆ. ಅಕ್ಕಂದಿರ ಮಾತು ಶುರುವಾಗುತ್ತದೆ. ಗ್ರೇಡಿಂಗ್ ಸೂಪರ್‌ವೈಸರ್ ಕಾಗದಕ್ಕೆ ಸಹಿ ಹಾಕಲು ಆಫೀಸಿಗೆ ಹೋಗುತ್ತಾರೆ. ಪ್ಯಾಕಿಂಗ್‌ನವರಿಗೆ ಮೇಲಿನಿಂದ ಫೋನ್ ಬರುತ್ತದೆ: ಬೇಗ ಮುಗಿಸಿ, ಪಣಂಬೂರಿನ ಬಂದರಿಗೆ ಕಂಟೇನರ್ ಹೊತ್ತಿಗೆ ಸರಿಯಾಗಿ ಮುಟ್ಟಬೇಕು. ಅಂದರೆ ವೇಗ ಹೆಚ್ಚಾಗುವುದು, ನೋಡುವ ಕಣ್ಣು ಕಡಿಮೆಯಾಗುವುದು ಎರಡೂ ಒಂದೇ ಗಳಿಗೆಯಲ್ಲಿ. ಚೆಂಡು ಆಗಲೇ ಪ್ಯಾಕಿಂಗ್‌ನವರ ಕಾಲಿಗೆ ಹೋಗಿರುತ್ತದೆ. ಇದರಲ್ಲಿ ಮಾತಾಡಿದ ಅಕ್ಕಂದಿರ ಪಾಲು ಎಲ್ಲಕ್ಕಿಂತ ಸಣ್ಣದು. ಬೈಗುಳ ಮಾತ್ರ ಯಾವಾಗಲೂ ಅವರಿಗೇ ಮೊದಲು ಹೋಗುತ್ತಿತ್ತು.

ಮೊದಲು ಬಂದ ಸಲಹೆ: ಪಾಸ್ ಆದದ್ದನ್ನು ಸಂಜೆಯವರೆಗೆ ಹೇಳುವುದೇ ಬೇಡ. ನನಗೆ ಇದು ಸರಿ ಕಾಣಲಿಲ್ಲ. ಬೆಳಿಗ್ಗೆಯಿಂದ ಬೆನ್ನು ಬಗ್ಗಿಸಿ ಕೂತವರಿಗೆ ಒಳ್ಳೆಯ ಸುದ್ದಿ ಮುಚ್ಚಿಡುವುದು ಎಂತ ನ್ಯಾಯ? ಅದೂ ಅಲ್ಲದೆ ನಮ್ಮಲ್ಲಿ ಗುಟ್ಟು ಲ್ಯಾಬಿನ ಬಾಗಿಲು ದಾಟಲು ಜಾಸ್ತಿ ಹೊತ್ತು ಬೇಡ.

ಹಾಗಾಗಿ ಉಲ್ಟಾ ಮಾಡಿದೆವು. ಪಾಸ್ ಅಂತ ಬಂದರೆ ಮೇಜು ನಿಲ್ಲುತ್ತದೆ, ಪೂರ್ತಿ. ಕೈಯಲ್ಲಿದ್ದ ಗೋಡಂಬಿ ಟ್ರೇಗೆ. ಹತ್ತು ನಿಮಿಷ ಚಾ, ಹೊಸ ಖರೀದಿದಾರರ ಲಾಟ್ ಆದರೆ ಗೋಳಿಬಜೆಯೂ ಉಂಟು. ಎಷ್ಟು ಬೇಕಾದರೂ ಮಾತಾಡಿ, ನಗಿ, ಮನೆಗೆ ಫೋನ್ ಮಾಡಿ. ಸಹಿ ಹಾಕುವ ಕೆಲಸ ಅದೇ ಹತ್ತು ನಿಮಿಷದಲ್ಲಿ ಮುಗಿಯಬೇಕು. ಕಾಗದವೇ ಕೆಳಗೆ ಬರುತ್ತದೆ, ಸೂಪರ್‌ವೈಸರ್ ಮೇಲೆ ಹೋಗುವುದಿಲ್ಲ. ಆಮೇಲೆ ಬೆಳಿಗ್ಗೆ ಹೇಗೆ ಶುರು ಮಾಡುತ್ತೇವೋ ಹಾಗೆಯೇ ಶುರು: ಕೈ ತೊಳೆದು, ತಲೆಯ ಟೋಪಿ ಸರಿಮಾಡಿ, ತಕ್ಕಡಿಯನ್ನು ಸೊನ್ನೆಗೆ ತಂದು. ತುಂಬಿದ ಮೊದಲ ಕೆಲವು ಟಿನ್‌ಗಳನ್ನು ಸೀಲ್ ಮಾಡುವ ಮೊದಲೇ ಎಣಿಸುತ್ತೇವೆ. ಸೀಲ್ ಆದ ಮೇಲೆ ಬಿಚ್ಚಿದರೆ ಟಿನ್ನೂ ಹಾಳು, ಗೋಡಂಬಿ ಕೆಡದಂತೆ ಒಳಗೆ ತುಂಬಿದ ಗ್ಯಾಸೂ ಹಾಳು.

ಎಲ್ಲರಿಗಿಂತ ಹಿರಿಯ ಅಕ್ಕ ಒಬ್ಬರಿಗೆ ಇದು ಹಿಡಿಸಲೇ ಇಲ್ಲ. "ಪಾಸ್ ಆದ ಮೇಲೆ ಪುನಃ ಪರೀಕ್ಷೆ ಎಂತಕ್ಕೆ? ನಮ್ಮ ಮೇಲೆ ನಂಬಿಕೆ ಇಲ್ವಾ?" ಅಂದರು. ಮಾತಿನಲ್ಲಿ ಉತ್ತರ ಕೊಡುವ ಬದಲು ಎಣಿಸುವ ಕೆಲಸವನ್ನೇ ಅವರಿಗೆ ಕೊಟ್ಟೆ. ಈಗ ನನಗಿಂತ ಅವರೇ ಬಿಗಿ. 320ರ ರಾಶಿಯಲ್ಲಿ ತುಂಡು ಕಂಡರೆ ಎತ್ತಿ ಹಿಡಿದು, "ಇದು ಯಾರ ಮಗು?" ಅಂತ ಕೇಳುತ್ತಾರೆ. ಆ ಪ್ರಶ್ನೆ ಕೇಳಿದರೆ ಮೇಜಿನ ಆ ತುದಿಯವರೂ ನೆಟ್ಟಗೆ ಕೂರುತ್ತಾರೆ.

ಬಿಚ್ಚುವ ಟಿನ್ ಕಡಿಮೆಯಾಗಿದೆ. ನಿಂತೇ ಹೋಗಿದೆ ಅಂತ ಹೇಳಲಾರೆ, ಮಳೆಗಾಲದ ತೇವಾಂಶದ ಕಿರಿಕಿರಿಗೆ ಚಾ ಮದ್ದಲ್ಲ. ಆದರೆ ಪಾಸ್ ಆದ ಬೆನ್ನಿಗೆ ಬರುತ್ತಿದ್ದ ಗುಂಪು ಈಗ ರಿಜಿಸ್ಟರಿನಲ್ಲಿ ಕಣ್ಣಿಗೆ ಹೊಡೆಯುವುದಿಲ್ಲ.

ಬೆಂಗ್ರೆಯ ಹುಡುಗನಿಗೆ ಇದನ್ನು ಹೇಳಿದಾಗ ಅವನ ಗಮನವೆಲ್ಲ ಜೀಕ್ಸನ್ ಕಡೆಗೇ. ಆ ತಂಡದ ಜೀಕ್ಸನ್, ಸುರೇಶ್ ಸಿಂಗ್, ಅನ್ವರ್ ಅಲಿ ಎಲ್ಲರೂ ಆಮೇಲೆ ದೊಡ್ಡವರ ಭಾರತ ತಂಡದಲ್ಲಿ ಆಡಿದರು ಅಂತ ಪಟ್ಟಿಯನ್ನೇ ಒಪ್ಪಿಸಿದ. ಸುರೇಶ್ ಬೆಂಗಳೂರು ಎಫ್‌ಸಿಗೆ ಆಡುವವನಾದ್ದರಿಂದ ಅವನ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಿದ.

ಪ್ರೊಡಕ್ಷನ್ ಕಡೆಯವರ ಜೊತೆ ಮಾತ್ರ ಚರ್ಚೆ ಮುಗಿದಿಲ್ಲ. ಕಂಟೇನರ್ ಹೊರಡುವ ದಿನ ಹತ್ತು ನಿಮಿಷ ದುಬಾರಿ, ಐದು ಸಾಕು ಅನ್ನುತ್ತಾರೆ ಅವರು. ಹಳೆಯ ಖರೀದಿದಾರರ ಲಾಟಿಗೆ ಐದು ಆಗಬಹುದು ಅಂದಿದ್ದೇನೆ. ಮೊದಲ ಸಲ ಹೋಗುವ ಲಾಟಿಗೆ ಹತ್ತೇ, ಅದರಲ್ಲಿ ನಾನು ಬಿಟ್ಟುಕೊಡುವುದಿಲ್ಲ. ಮುಂದಿನ ವಾರ ಇಂಥದ್ದೇ ಒಂದು ಲಾಟ್ ಇದೆ, ಅಷ್ಟರೊಳಗೆ ಇನ್ನೊಂದು ಮೀಟಿಂಗ್ ಕರೆದಿದ್ದಾರೆ.