ಮೊಣಕಾಲು ನೋವೆಂದ ಹುಡುಗನನ್ನು ಮೊದಲು ನಂಬಿ

ಗೋವಾದ ವಾಸ್ಕೋದಲ್ಲಿ ಬೈನಾ, ಝುವಾರಿನಗರದ ಕಡೆ ಕನ್ನಡದ ಮನೆಗಳು ಬಹಳ. ಬಾಗಲಕೋಟೆ, ಗದಗ, ವಿಜಯಪುರದಿಂದ ದುಡಿಯಲು ಬಂದವರ ಮಕ್ಕಳು ಇಲ್ಲೇ ಬೆಳೆದು, ಕೊಂಕಣಿಯ ಜೊತೆಗೇ ಫುಟ್‌ಬಾಲನ್ನೂ ಕಲಿಯುತ್ತಾರೆ. ನಾನು ಹುಬ್ಬಳ್ಳಿಯವಳು, ಫಿಸಿಯೋಥೆರಪಿಸ್ಟ್. ಕನ್ನಡದಲ್ಲಿ ಕಷ್ಟ ಹೇಳಿಕೊಳ್ಳಬಹುದೆಂದು ಅಪ್ಪ-ಅಮ್ಮಂದಿರು ನನ್ನಲ್ಲಿಗೆ ಬರುತ್ತಾರೆ. ಮಳೆ ನಿಂತು, ಗದ್ದೆ ಕೊಯ್ಲಾಗಿ, ಟೂರ್ನಮೆಂಟ್ ಶುರುವಾದವೆಂದರೆ ಹದಿಮೂರು-ಹದಿನಾಲ್ಕರ ಹುಡುಗರ ಸಾಲೇ ಇರುತ್ತದೆ.

"ಮೊಣಕಾಲ ಕೆಳಗ ನೋಯ್ತದ ಅಂತಾನ್ರಿ. ಪ್ರಾಕ್ಟೀಸ್ ತಪ್ಪಸಾಕ ನೆಪ ಹೇಳ್ತಾನೇನೋ!" ಈ ಮಾತು ಕೇಳಿದಾಗಲೆಲ್ಲ ಹುಡುಗನನ್ನು ಮಂಚದ ಮೇಲೆ ಕೂರಿಸಿ, ಮೊಣಕಾಲ ಚಿಪ್ಪಿನಿಂದ ಎರಡು ಬೆರಳು ಕೆಳಗಿರುವ ಎಲುಬಿನ ಉಬ್ಬನ್ನು ಹೆಬ್ಬೆರಳಿನಿಂದ ಒತ್ತುತ್ತೇನೆ. ತಟ್ಟನೆ ಕಾಲು ಹಿಂದಕ್ಕೆಳೆದುಕೊಳ್ಳುತ್ತಾನೆ. ಇನ್ನೊಂದು ಕಾಲಿನಲ್ಲಿ ಅದೇ ಜಾಗ ಒತ್ತಿದರೆ ಸುಮ್ಮನಿರುತ್ತಾನೆ. ಅಪ್ಪನಿಗೆ ಆಗ ನಂಬಿಕೆ ಬರುತ್ತದೆ.

ಇದಕ್ಕೆ ಆಸ್‌ಗುಡ್-ಶ್ಲಾಟರ್ ಎಂದು ಹೆಸರು. ಮಕ್ಕಳು ಸರ್ರನೆ ಎತ್ತರ ಬೆಳೆಯುವ ಕಾಲದಲ್ಲಿ ಎಲುಬಿನ ಈ ಭಾಗ ಇನ್ನೂ ಗಟ್ಟಿಯಾಗಿರುವುದಿಲ್ಲ. ತೊಡೆಯ ಮುಂದಿನ ದೊಡ್ಡ ಸ್ನಾಯು ಬಂದು ಹಿಡಿದುಕೊಳ್ಳುವುದೂ ಅಲ್ಲಿಗೇ. ಪ್ರತಿ ಜಿಗಿತ, ಪ್ರತಿ ಶಾಟ್ ಅದನ್ನು ಜಗ್ಗುತ್ತದೆ. ಹುಡುಗಿಯರಲ್ಲಿ ಒಂದೆರಡು ವರ್ಷ ಮೊದಲೇ ಕಾಣಿಸುತ್ತದೆ. ಇನ್ನೂ ಚಿಕ್ಕ ಮಕ್ಕಳಲ್ಲಿ ಹೀಗೇ ಹಿಮ್ಮಡಿ ನೋಯುತ್ತದೆ, ಅದು ಸೆವರ್ಸ್. ಈ ಎರಡೂ ನೋವುಗಳು ಎಲುಬು ಬಲಿತ ಮೇಲೆ ಸಾಮಾನ್ಯವಾಗಿ ತಾವಾಗಿಯೇ ಕಡಿಮೆಯಾಗುತ್ತವೆ. ಹಾಗಂತ ಕಾಲು ಕಟ್ಟಿ ಮನೆಯಲ್ಲಿ ಕೂರಿಸಬೇಕಿಲ್ಲ. ಆಟ ತಗ್ಗಿಸಬೇಕು, ತೊಡೆ-ಮೀನಖಂಡದ ವ್ಯಾಯಾಮ ಮಾಡಿಸಬೇಕು. ಕುಂಟುತ್ತಿದ್ದರೆ ಅಂದಿಗೆ ಆಟ ಮುಗಿಯಿತು. ಮರುದಿನ ಬೆಳಿಗ್ಗೆಯೂ ನೋವಿದ್ದರೆ ನಿನ್ನೆ ಆಡಿದ್ದು ಹೆಚ್ಚಾಯಿತು ಎಂದೇ ಲೆಕ್ಕ. ಆದರೆ ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವು, ಜ್ವರ, ಇಡೀ ಮಂಡಿಯ ಬಾವು ಕಂಡರೆ ಮೂಳೆ ಡಾಕ್ಟರಿಗೆ ತೋರಿಸಲೇಬೇಕು. ಸೊಂಟದ ಕೀಲಿನ ತೊಂದರೆಯೂ ಈ ವಯಸ್ಸಿನಲ್ಲಿ ಮೊಣಕಾಲು ನೋವಿನ ವೇಷ ಹಾಕಿ ಬರುತ್ತದೆ. ಮಂಡಿಯಲ್ಲಿ ಏನೂ ಸಿಗದೆ ಹುಡುಗ ಕುಂಟುತ್ತಲೇ ಇದ್ದರೆ ಸೊಂಟವನ್ನೂ ಪರೀಕ್ಷಿಸಲು ಹೇಳಿ.

ಇಷ್ಟೊಂದು ಮಕ್ಕಳಿಗೆ ಯಾಕೆ ಬರುತ್ತಿದೆ? ಒಬ್ಬನೇ ಹುಡುಗ ಶಾಲೆಯ ತಂಡದಲ್ಲಿ, ಕ್ಲಬ್ಬಿನಲ್ಲಿ, ವಾಡೆಯ (ಓಣಿಯ) ತಂಡದಲ್ಲಿ ಆಡುತ್ತಾನೆ. ಒಬ್ಬ ಕೋಚ್‌ಗೆ ಇನ್ನೊಬ್ಬರ ಲೆಕ್ಕ ಗೊತ್ತಿರುವುದಿಲ್ಲ. ಮೊದಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಯೇ ಕಾಲುಗಳಿಗೆ ರಜೆ ಕೊಡುತ್ತಿತ್ತು. ಈಗ ದೀಪ ಹಾಕಿದ, ಕೃತಕ ಹುಲ್ಲಿನ ಟರ್ಫ್‌ಗಳು ಬಂದು ಆ ರಜೆಯೂ ಹೋಯಿತು. ಕ್ರೀಡಾ ವೈದ್ಯರು ಹೇಳುವ ಸುಲಭ ಲೆಕ್ಕವೊಂದಿದೆ: ವಾರಕ್ಕೆ ತರಬೇತಿ, ಪಂದ್ಯ ಎಲ್ಲ ಸೇರಿ ಮಗುವಿನ ವಯಸ್ಸಿಗಿಂತ ಹೆಚ್ಚು ತಾಸು ಆಗಬಾರದು. 12ರ ಹುಡುಗನಿಗೆ 12 ತಾಸು, ವಾರದಲ್ಲಿ ಕನಿಷ್ಠ ಒಂದು ದಿನ ಪೂರ್ತಿ ಬಿಡುವು. ಇದನ್ನು ಬರೆದಿಡುವ ಕೆಲಸ ಮನೆಯವರದೇ, ಬೇರೆ ಯಾರೂ ಮಾಡುವುದಿಲ್ಲ.

ಶೂ ಬಗ್ಗೆ ಒಂದು ಮಾತು. ಬೆಳೆಯುವ ಕಾಲೆಂದು ಎರಡು ಸೈಜ್ ದೊಡ್ಡದು ಕೊಳ್ಳಬೇಡಿ. ನಮ್ಮ ಜಂಬಿಟ್ಟಿಗೆಯ ಕೆಂಪು ನೆಲ ಬೇಸಿಗೆಯಲ್ಲಿ ಕಲ್ಲಿನಂತಾಗುತ್ತದೆ. ಅಲ್ಲಿ ಶೂ ಅಡಿಯ ಉದ್ದ ಸ್ಟಡ್ (ಮೊಳೆ) ಇಳಿಯುವುದಿಲ್ಲ, ಪಾದ ಹೊರಳುತ್ತದೆ. ಗಿಡ್ಡ ಸ್ಟಡ್‌ಗಳೇ ಸರಿ.

ಪಾದ ಹೊರಳಿದ ಮೇಲೆ ನಮ್ಮ ಜನ ಮಾಡುವುದನ್ನು ನೋಡಿದರೆ ಸಂಕಟವಾಗುತ್ತದೆ. ಬಿಸಿ ಎಣ್ಣೆ ಹಾಕಿ ತಿಕ್ಕುತ್ತಾರೆ, ಉಳುಕು ತೆಗೆಯುವವರ ಹತ್ತಿರ ಜಗ್ಗಿಸುತ್ತಾರೆ. ಮೊದಲ ಎರಡು-ಮೂರು ದಿನ ಶಾಖವೂ ಬೇಡ, ತಿಕ್ಕುವುದೂ ಬೇಡ. ಬ್ಯಾಂಡೇಜ್ ಸುತ್ತಿ, ಕಾಲು ಎತ್ತರದಲ್ಲಿಟ್ಟು, ಬಟ್ಟೆಯಲ್ಲಿ ಸುತ್ತಿದ ಐಸ್ ಹದಿನೈದು ನಿಮಿಷ ಇಟ್ಟರೆ ನೋವು ತಗ್ಗುತ್ತದೆ. ನಾಲ್ಕು ಹೆಜ್ಜೆ ಇಡಲಾಗದಿದ್ದರೆ, ಹರಡಿನ ಎಲುಬಿನ ಹಿಂಬದಿ ಒತ್ತಿದಾಗ ಚೀರಿದರೆ, ಎಕ್ಸ್-ರೇ ಬೇಕು. ಮಕ್ಕಳಲ್ಲಿ ಉಳುಕೆಂದು ಬಿಟ್ಟದ್ದು ಕೆಲವೊಮ್ಮೆ ಎಲುಬು ಬೆಳೆಯುವ ಜಾಗದ ಪೆಟ್ಟಾಗಿರುತ್ತದೆ. ಬಾವು ಇಳಿದರೆ ವಾಸಿಯಾಯಿತು ಅಂತಲ್ಲ. ಅದೇ ಕಾಲಿನ ಮೇಲೆ ಒಂಟಿಯಾಗಿ ನಿಂತು, ಹಾರಿ, ತಿರುಗಿ ಓಡುವುದು ನೋವಿಲ್ಲದೆ ಬಂದಮೇಲೆ ಪಂದ್ಯ.

ತಡೆಗಟ್ಟಲು ದುಬಾರಿ ಸಾಮಾನೇನೂ ಬೇಡ. ಫಿಫಾದ '11 ಪ್ಲಸ್' ವಾರ್ಮಪ್‌ಗೆ 20 ನಿಮಿಷ ಸಾಕು: ಓಟ, ಹೊಟ್ಟೆ-ತೊಡೆಯ ಬಲ, ಒಂಟಿಕಾಲ ಸಮತೋಲ, ಸರಿಯಾಗಿ ಹಾರಿ ಇಳಿಯುವುದು. 14 ದಾಟಿದವರಿಗೆ ಇದು, ಚಿಕ್ಕವರಿಗೆ ಬೇರೆಯದೇ ಇದೆ. ನಾರ್ವೆಯಲ್ಲಿ 13ರಿಂದ 17ರ ಹುಡುಗಿಯರ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ತೀವ್ರ ಗಾಯಗಳು ಹೆಚ್ಚುಕಡಿಮೆ ಅರ್ಧಕ್ಕಿಳಿದವು. ಹಾರಿ ಇಳಿಯುವಾಗ ಮೊಣಕಾಲುಗಳು ಒಳಕ್ಕೆ ಬಾಗುತ್ತವೆಯೇ ನೋಡಿ, ಹುಡುಗಿಯರಲ್ಲಂತೂ ತಪ್ಪದೆ ನೋಡಿ. ಮಂಡಿಯೊಳಗೆ ಎಲುಬುಗಳನ್ನು ಹಿಡಿದಿಡುವ ಎಸಿಎಲ್ ಎಂಬ ನಾರು ಹೆಚ್ಚಾಗಿ ಹರಿಯುವುದು ಹೀಗೆಯೇ, ಹರಿದರೆ ಆಟಕ್ಕೆ ಮರಳಲು ಒಂಬತ್ತು ತಿಂಗಳಾದರೂ ಬೇಕು.

ತಲೆಗೆ ಪೆಟ್ಟು ಬಿದ್ದ ಮಗುವಿಗೆ ಮಾತ್ರ ಚೌಕಾಸಿಯೇ ಇಲ್ಲ. ಮಂಕಾಗಿ ನಿಂತರೆ, ಸ್ಕೋರ್ ಮರೆತರೆ, ತಲೆನೋವು-ತಲೆಸುತ್ತು ಎಂದರೆ ಕೂಡಲೇ ಹೊರಗೆ ಕರೆಯಿರಿ, ಅಂದು ಮತ್ತೆ ಇಳಿಸಬೇಡಿ. ಪದೇ ಪದೇ ವಾಂತಿಯಾದರೆ, ತಲೆನೋವು ಏರುತ್ತ ಹೋದರೆ, ಎಬ್ಬಿಸಲು ಕಷ್ಟವಾದರೆ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಓಡಿ. ಬದಲಿ ಆಟಗಾರನಿಲ್ಲ ಎಂದು ಕೋಚ್ ಗೊಣಗಿದರೆ ಗೊಣಗಲಿ, ತಂಡ ಹತ್ತೇ ಜನರಲ್ಲಿ ಆಡಲಿ.