ಇಳಿಯುತ್ತೆ, ಏರಲ್ಲ

ವರ್ಕ್‌ಶಾಪಿನ ಗೇಟ್ ಹತ್ತಿರ ಯಾರಾದರೂ ಸ್ವಲ್ಪ ಜಾಸ್ತಿ ಹೊತ್ತು ಹಾರ್ನ್ ಹೊಡೆದರೆ ಸಾಕು, ಕೈಯಲ್ಲಿರುವ ಕೆಲಸ ಬಿಟ್ಟು ಆ ಕಡೆ ತಿರುಗಿ ನೋಡುತ್ತೇನೆ. ಒಂದು ಎಡಗಡೆ ಬಾಗಿಲಿನ ಗಾಜು ಕಲಿಸಿಕೊಟ್ಟ ಚಾಳಿ ಇದು.

ಶಿವಮೊಗ್ಗದಲ್ಲಿ ಪುನರ್ವಸು ಮಳೆ ಹಿಡಿದಿದ್ದ ವಾರ. ಮಳೆಗಾಲ ಬಂತೆಂದರೆ ನಮ್ಮ ಎಲೆಕ್ಟ್ರಿಕಲ್ ಬೇ, ಅಂದರೆ ಗಾಡಿ ನಿಲ್ಲಿಸಿ ಕರೆಂಟಿನ ಕೆಲಸ ಮಾಡುವ ಜಾಗ, ಅಲ್ಲಿಗೆ ವೈಪರ್, ಹಾರ್ನ್, ಪವರ್ ವಿಂಡೋ, ಇವೇ ಸಾಲುಗಟ್ಟುತ್ತವೆ. ಬೆಳಿಗ್ಗೆ ಹತ್ತೂವರೆಗೆ ತೀರ್ಥಹಳ್ಳಿ ಕಡೆಯಿಂದ 2012ರ ಮಾಡೆಲ್ ಹ್ಯಾಚ್‌ಬ್ಯಾಕ್ ಒಂದು ಬಂತು. ಮುಂದಿನ ಎಡಗಡೆ ಗಾಜು ಪೂರ್ತಿ ಕೆಳಗಿತ್ತು. ಆ ಜಾಗಕ್ಕೆ ಗೊಬ್ಬರದ ಚೀಲ ಸಿಕ್ಕಿಸಿಕೊಂಡು ಅಷ್ಟು ದೂರ ಬಂದಿದ್ದರು. ಗಾಡಿ ಓಡಿಸುತ್ತಿದ್ದವರು ರಿಟೈರ್ಡ್ ಮೇಷ್ಟ್ರು. ಪಕ್ಕದಲ್ಲಿ ಅವರ ಮನೆಯವರು, ಅರ್ಧ ಸೀರೆ ಒದ್ದೆ.

ಸರ್ವಿಸ್ ಅಡ್ವೈಸರ್ ಹತ್ತಿರ ಅಮ್ಮ ವಿವರವಾಗಿಯೇ ಹೇಳಿದರು. "ನನ್ ಕಡೆ ಸ್ವಿಚ್ಚಲ್ಲಿ ಇಳಿಯುತ್ತೆ, ಏರಲ್ಲ. ಇವ್ರ ಕಡೆ ಸ್ವಿಚ್ಚಲ್ಲಿ ಎರಡೂ ಇಲ್ಲ. ಒಂದೊಂದ್ಸಲ ಬಾಗಿಲು ಪೂರ್ತಿ ತೆಗೆದ್ರೆ ತಾನೇ ಏರುತ್ತೆ." ನಾನು ಎರಡು ಮಾರು ದೂರದಲ್ಲೇ ನಿಂತಿದ್ದೆ. ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಬಾಗಿಲು ತೆಗೆದರೆ ಗಾಜು ಏರುತ್ತೆ ಅನ್ನೋದು ಹಳೇ ಟಿವಿಗೆ ತಟ್ಟಿದರೆ ಚಿತ್ರ ಬರುತ್ತೆ ಅಂದ ಹಾಗೆ ಕೇಳಿಸಿತು. ಅಡ್ವೈಸರ್ ಆದರೂ ಏನು ಮಾಡುತ್ತಾರೆ, ಸಾಫ್ಟ್‌ವೇರಲ್ಲಿ ಆರಿಸಿಕೊಳ್ಳೋಕೆ ಇರುವುದೇ ನಾಲ್ಕು ಸಾಲು. ಜಾಬ್ ಕಾರ್ಡ್ ನನ್ನ ಕೈಗೆ ಬಂದಾಗ ಅಮ್ಮನ ಮಾತೆಲ್ಲ ಆವಿಯಾಗಿ ಉಳಿದದ್ದು ಇಷ್ಟೇ: ‘ಎಲ್‌ಎಚ್ ಫ್ರಂಟ್ ವಿಂಡೋ ನಾಟ್ ವರ್ಕಿಂಗ್’, ಎಡಗಡೆ ಮುಂದಿನ ಗಾಜು ಕೆಲಸ ಮಾಡುತ್ತಿಲ್ಲ.

ನಾಲ್ಕನೇ ಬೇಗೆ ಹಾಕಿದೆ. ಮೂರನೇ ಬೇನಲ್ಲಿ ಗೇರ್‌ಬಾಕ್ಸ್ ಇಳಿಸಿದ ದೊಡ್ಡ ಗಾಡಿಯೊಂದು ಅಡ್ಡ ನಿಂತಿತ್ತು. ಬಾಗಿಲು ಅರ್ಧ ಮಾತ್ರ ತೆಗೆಯಲು ಬಂತು. ಮೈ ಹಿಂಡಿಕೊಂಡು ಒಳಗೆ ತೂರಿ ಸ್ವಿಚ್ ಒತ್ತಿದೆ. ಏರಿಸು, ಇಲ್ಲ. ಇಳಿಸು, ಇಲ್ಲ. ಇಳಿಸುವ ಕಡೆ ಒತ್ತಿದಾಗ ಬಾಗಿಲೊಳಗೆ ಸಣ್ಣಗೆ ‘ಟಕ್’ ಅಂದದ್ದು ನಿಜ. ಆದರೆ ಗಾಜು ಅಲ್ಲಾಡಲಿಲ್ಲ. ಆಗಲೇ ತಳ ಮುಟ್ಟಿದ ಗಾಜು ಇನ್ನೆಲ್ಲಿಗೆ ಇಳಿಯಬೇಕು? ಈ ಪ್ರಶ್ನೆ ನನಗೆ ಹೊಳೆದದ್ದು ಸಾಯಂಕಾಲ ಆರೂವರೆಗೆ.

ಡೋರ್ ಟ್ರಿಮ್, ಅಂದರೆ ಬಾಗಿಲಿನ ಒಳಗಡೆಯ ಹೊದಿಕೆ, ಬಿಚ್ಚಿದೆ. ಎರಡು ಕ್ಲಿಪ್ ಮುರಿದವು, ಅದು ಮಾಮೂಲಿ. ಮೋಟರ್ ಕನೆಕ್ಟರ್ ಕಿತ್ತು ಮಲ್ಟಿಮೀಟರಿನ ಎರಡು ಕಡ್ಡಿ ಇಟ್ಟು ಏರಿಸುವ ಸ್ವಿಚ್ ಒತ್ತಿದರೆ 12.3 ವೋಲ್ಟ್. ಕನೆಕ್ಟರ್ ವಾಪಸ್ ಹಾಕಿ ಒತ್ತಿದರೆ ಮೋಟರ್ ಸುಮ್ಮನೆ ಕೂತಿತ್ತು. ಕರೆಂಟ್ ಬರ್ತಿದೆ, ಮೋಟರ್ ತಿರುಗ್ತಿಲ್ಲ, ಅಂದಮೇಲೆ ಮೋಟರ್ ಸತ್ತಿದೆ. ಹನ್ನೊಂದು ವರ್ಷ ಈ ಕೆಲಸ ಮಾಡಿದವನ ಲೆಕ್ಕ ಇದು. ಬಿಚ್ಚಿ ಕೈಯಲ್ಲಿ ಹಿಡಿದ ಮೋಟರಿಗೆ ಬ್ಯಾಟರಿಯಿಂದ ನೇರ ಎರಡು ವೈರ್ ತಾಗಿಸಿ ನೋಡೋಕೆ ಅರ್ಧ ನಿಮಿಷ ಬೇಕು. ನೋಡಲಿಲ್ಲ. ಕೆಲಸಕ್ಕೆ ಕೊಟ್ಟ ಟೈಮ್ ಮುಗಿಯುತ್ತಾ ಬಂದಿತ್ತು, ಬೋರ್ಡಲ್ಲಿ ನನ್ನ ಹೆಸರಿನ ಮುಂದೆ ಇನ್ನೂ ಐದು ಗಾಡಿ ಇತ್ತು.

ಮೇಷ್ಟ್ರ ಒಪ್ಪಿಗೆ ತಗೊಂಡು ಹೊಸ ಮೋಟರ್ ತರಿಸಿದೆವು. ಅದು ಬರುವಷ್ಟರಲ್ಲಿ ಪಕ್ಕದ ದೊಡ್ಡ ಗಾಡಿ ಲಿಫ್ಟಿಗೆ ಹೋಗಿತ್ತು, ಆರಾಮಾಗಿ ಬಾಗಿಲು ಪೂರ್ತಿ ತೆಗೆದೇ ಜೋಡಿಸಿದೆ. ಸ್ವಿಚ್ ಒತ್ತಿದೆ. ಗಾಜು ಬೆಣ್ಣೆ ಜಾರಿದ ಹಾಗೆ ಮೇಲೆ ಹೋಯಿತು. ಮೂರು ಸಲ ಏರಿಸಿ ಇಳಿಸಿದೆ. ಟ್ರಿಮ್ ಹಾಕಿ, ಕೊನೇ ತಪಾಸಣೆಯ ಎಫ್‌ಐ ಶೀಟಲ್ಲಿ ಟಿಕ್ ಮಾಡಿ, ವಾಷಿಂಗಿಗೆ ಕಳಿಸಿದೆ. ಬಾಗಿಲು ಹಾಕಿ ಒಂದೇ ಒಂದು ಸಲವೂ ನೋಡಲಿಲ್ಲ.

ಐದೂಕಾಲಿಗೆ ಗೇಟಲ್ಲಿ ಹಾರ್ನ್ ಶುರುವಾಯಿತು.

ನಮ್ಮ ಸೆಕ್ಯುರಿಟಿ ಕ್ಯಾಬಿನ್ ಇರುವುದು ಗಾಡಿಯ ಎಡಗಡೆಗೆ. ಗೇಟ್ ಪಾಸ್ ಕೊಡೋಕೆ ಅಮ್ಮ ಗಾಜು ಇಳಿಸಿದ್ದಾರೆ. ಇಳಿದಿದೆ. ಮತ್ತೆ ಏರಿಲ್ಲ. ಅದೇ ಹೊತ್ತಿಗೆ ಮಳೆ ಬಕೆಟಲ್ಲಿ ಸುರಿದ ಹಾಗೆ ಬಂತು. ಹಿಂದೆ ಡೆಲಿವರಿಗೆ ಹೊರಟ ಮೂರು ಗಾಡಿ ನಿಂತಿದ್ದವು. ಇದು ಸಾಲದು ಅಂತ ಅವತ್ತೇ ಏರಿಯಾ ಆಫೀಸಿನವರು ವಿಸಿಟ್‌ಗೆ ಬಂದು ಶೋರೂಮ್ ಗಾಜಿನ ಹಿಂದೆ ಚಹಾ ಕುಡಿಯುತ್ತಿದ್ದರು. ನಾನು ಓಡಿ ಹೋದಾಗ ಸೆಕ್ಯುರಿಟಿ ಅಣ್ಣ ತನ್ನ ಕೊಡೆಯನ್ನು ಕಿಟಕಿಗೆ ಅಡ್ಡ ಹಿಡಿದು ತಾನು ನೆನೆಯುತ್ತಾ ನಿಂತಿದ್ದ.

ಮೇಷ್ಟ್ರ ಕಡೆಯ ಮಾಸ್ಟರ್ ಸ್ವಿಚ್ ಒತ್ತಿದೆ. ಏರಿಸೋಕೂ ಇಲ್ಲ, ಇಳಿಸೋಕೂ ಇಲ್ಲ. ಎರಡು ಅಂಗೈಯಲ್ಲಿ ಗಾಜು ಒತ್ತಿ ಹಿಡಿದು ಮೇಲೆ ಎಳೆದೆ. ಬರಲ್ಲ ಅಂತ ಗೊತ್ತು, ಮೋಟರೊಳಗಿನ ವರ್ಮ್ ಗೇರ್ ಬಿಡುವುದಿಲ್ಲ. ಆದರೂ ಎಳೆದೆ, ಏನೋ ಮಾಡುತ್ತಿರುವ ಹಾಗೆ ಕಾಣಬೇಕಲ್ವಾ. ಮ್ಯಾನೇಜರ್ ಬಂದು "ಏನ್ರೀ ಇದು?" ಅಂದರು. ಎಲ್ಲರಿಗೂ ಕೇಳುವ ಹಾಗೆ ಹೇಳಿಬಿಟ್ಟೆ: "ಹೊಸ ಮೋಟರೇ ಡಿಫೆಕ್ಟಿವ್ ಬಂದಿದೆ ಸರ್."

ಟ್ರಿಮ್ ಬಿಚ್ಚೋಣ ಅಂತ ಬಾಗಿಲು ತೆಗೆದೆ. ಗಾಬರಿಯಲ್ಲಿ ಜೋರಾಗಿ, ಪೂರ್ತಿ. ಅಮ್ಮನ ಬೆರಳು ಇನ್ನೂ ಸ್ವಿಚ್ ಮೇಲೇ ಇತ್ತು. ಗಾಜು ಸರ್ರನೆ ಮೇಲೆ ಹೋಗಿ ಮುಚ್ಚಿಕೊಂಡಿತು.

ಒಂದು ಗಳಿಗೆ ಯಾರೂ ಮಾತಾಡಲಿಲ್ಲ. ಹಿಂದಿನ ಹಾರ್ನ್ ಕೂಡ ನಿಂತಿತ್ತು.

"ಬೆಳಿಗ್ಗೆ ನಾನ್ ಹೇಳಿದ್ದು ಇದನ್ನೇ ಅಲ್ವೇನಪ್ಪಾ?" ಅಂದರು ಅಮ್ಮ. ಬೈದಿದ್ದರೆ ಎಷ್ಟೋ ವಾಸಿ ಇತ್ತು.

ಗಾಡಿ ಮತ್ತೆ ಬೇಗೆ ಬಂತು. ಈ ಸಲ ಟ್ರಿಮ್ ಮುಟ್ಟಲಿಲ್ಲ. ಬಾಗಿಲಿಗೂ ಬಾಡಿಗೂ ನಡುವೆ ಇರುವ ರಬ್ಬರ್ ಬೂಟನ್ನು ಜಾರಿಸಿ ಒಳಗಿನ ವೈರ್‌ಗಳನ್ನು ಒಂದೊಂದಾಗಿ ಮೆಲ್ಲಗೆ ಎಳೆದೆ. ಒಂದು ವೈರ್ ರಬ್ಬರ್ ಬ್ಯಾಂಡಿನ ಹಾಗೆ ಹಿಗ್ಗಿತು. ತಾಮ್ರ ಇದ್ದರೆ ವೈರ್ ಹಿಗ್ಗಲ್ಲ. ಹೊದಿಕೆ ಸೀಳಿ ನೋಡಿದರೆ ಎಳೆಗಳೆಲ್ಲ ತುಂಡಾಗಿ, ತುದಿಗೆ ಹಸಿರು ಕಿಲುಬು ಹಿಡಿದು, ತಾಗಿಯೂ ತಾಗದ ಹಾಗೆ ಇದ್ದವು. ವರ್ಷಗಟ್ಟಲೆ ಬಾಗಿಲು ತೆಗೆದು ಹಾಕಿ ಮಾಡುವಾಗ ದಿನವೂ ಬಾಗುವ ಜಾಗ ಅದೇ. ಬಾಗಿಲು ಪೂರ್ತಿ ತೆಗೆದರೆ ತುದಿಗಳು ಕೂಡುತ್ತಿದ್ದವು, ಹಾಕಿದರೆ ಅಗಲುತ್ತಿದ್ದವು.

ಅಮ್ಮನ ಮಾತಲ್ಲೇ ಪೂರ್ತಿ ವೈರಿಂಗ್ ಡಯಾಗ್ರಾಮ್ ಇತ್ತು. ಈ ಗಾಡಿಯಲ್ಲಿ ಎಡಗಡೆ ಮೋಟರಿನ ಎರಡೂ ವೈರ್ ಎಡಗಡೆ ಸ್ವಿಚ್ ಹಾಯ್ದು ಮಾಸ್ಟರ್ ಸ್ವಿಚ್‌ಗೆ ಹೋಗುತ್ತವೆ. ಯಾರೂ ಒತ್ತದಿದ್ದಾಗ ಎರಡಕ್ಕೂ ಅಲ್ಲೇ ಅರ್ಥ್, ಅಂದರೆ ಕರೆಂಟ್ ಬ್ಯಾಟರಿಗೆ ವಾಪಸ್ ಹೋಗುವ ದಾರಿ. ಎಡಗಡೆ ಸ್ವಿಚ್ ಏರಿಸುವ ಕಡೆ ಒತ್ತಿದರೆ ಒಂದು ತುದಿಗೆ 12 ವೋಲ್ಟ್ ಅಲ್ಲೇ ಸಿಗುತ್ತದೆ, ಇನ್ನೊಂದು ತುದಿ ಮಾಸ್ಟರ್ ಸ್ವಿಚ್ ತನಕ ಹೋಗಿ ಅರ್ಥ್ ಹುಡುಕಬೇಕು. ಇಳಿಸುವಾಗ ಉಲ್ಟಾ. ತುಂಡಾಗಿದ್ದದ್ದು ಏರುವಾಗ ಅರ್ಥ್ ಕೊಡುವ ವೈರ್. ಹಾಗಾಗಿ ಎಡಗಡೆ ಸ್ವಿಚ್ಚಲ್ಲಿ ಇಳಿಯುತ್ತದೆ, ಏರಲ್ಲ. ಮಾಸ್ಟರ್ ಸ್ವಿಚ್ಚಿಗೆ ಎರಡೂ ವೈರ್ ಬೇಕು, ಅದಕ್ಕೇ ಅಲ್ಲಿಂದ ಎರಡೂ ಇಲ್ಲ. ಒಂದು ಕಡೆಗಾದರೂ ತಿರುಗುವ ಮೋಟರನ್ನು ಸತ್ತಿದೆ ಅಂತ ಬರೆದವನು ನಾನು.

ಮತ್ತೆ ಆ 12.3? ಮೀಟರ್ ಸುಳ್ಳು ಹೇಳಲಿಲ್ಲ. ಅದು ಎಳೆಯುವ ಕರೆಂಟ್ ಲೆಕ್ಕಕ್ಕೇ ಇಲ್ಲ, ಅಷ್ಟನ್ನು ಕಿಲುಬೂ ದಾಟಿಸುತ್ತದೆ. ಮೋಟರ್ ಕೇಳುವುದು ಹಲವು ಆಂಪಿಯರ್. ಖಾತ್ರಿ ಮಾಡಿಕೊಳ್ಳೋಣ ಅಂತ ಹಳೇ ಇಂಡಿಕೇಟರಿನ 21 ವ್ಯಾಟ್ ಬಲ್ಬಿಗೆ ಎರಡು ವೈರ್ ಬೆಸೆದು ಮೋಟರ್ ಕನೆಕ್ಟರಿಗೆ ಕೊಟ್ಟೆ. ಬಾಗಿಲು ಪೂರ್ತಿ ತೆಗೆದಾಗ ಬಲ್ಬ್ ಕಣ್ಣು ಕುಕ್ಕುವ ಹಾಗೆ ಉರಿಯಿತು. ಅರ್ಧಕ್ಕೆ ತಂದಾಗ ಊದುಬತ್ತಿ ತುದಿಯಷ್ಟು ಕೆಂಪು. ಆ ಬಲ್ಬ್ ಈಗಲೂ ನನ್ನ ಟ್ರಾಲಿಯಲ್ಲಿದೆ. ಟೆಸ್ಟ್ ಲ್ಯಾಂಪ್ ಕೊಡಿಸಿ ಅಂತ ಎರಡು ಸಲ ಇಂಡೆಂಟ್ ಹಾಕಿದ್ದೆ, ಗಾಡಿಯ ಕಂಪ್ಯೂಟರ್ ಓದುವ ಸ್ಕ್ಯಾನರ್ ಇದೆಯಲ್ಲ ಅಂತ ವಾಪಸ್ ಬಂತು. ಸ್ಕ್ಯಾನರಿಗೆ ಗೊತ್ತಾಗೋಕೆ ಈ ವಿಂಡೋ ಗಾಡಿಯ ಯಾವ ಕಂಪ್ಯೂಟರಿನ ಜೊತೆಗೂ ಮಾತಾಡುವುದೇ ಇಲ್ಲ. ಯಾರಿಗೆ ಹೇಳೋಣ.

ಕೆಟ್ಟ ತುಂಡನ್ನು ಕತ್ತರಿಸಿ, ಹೊಸ ವೈರ್ ಸೇರಿಸಿ, ಸೋಲ್ಡರ್ ಮಾಡಿ, ಹೀಟ್ ಶ್ರಿಂಕ್ ಹಾಕಿದೆ. ಜಾಯಿಂಟ್‌ಗಳನ್ನು ಬೂಟಿನ ಒಳಗೆ ಬಿಡದೆ ಆಚೀಚೆ ಎಳೆದುಕೊಂಡೆ. ಬಾಗುವ ಕಡೆ ಸೋಲ್ಡರ್ ಇದ್ದರೆ ಅದರ ಪಕ್ಕದಲ್ಲೇ ಮತ್ತೆ ಮುರಿಯುತ್ತದೆ. ಆಮೇಲೆ ಬಾಗಿಲು ಹಾಕಿ ನೋಡಿದೆ, ತೆಗೆದು ನೋಡಿದೆ, ಅರ್ಧಕ್ಕೆ ನಿಲ್ಲಿಸಿ ನೋಡಿದೆ, ಎರಡೂ ಸ್ವಿಚ್ಚಲ್ಲಿ ನೋಡಿದೆ. ಈಗ ಯಾವ ಗಾಡಿ ಬಂದರೂ ಇದನ್ನು ಮೊದಲೇ ಮಾಡುತ್ತೇನೆ, ಬೇನಲ್ಲಿ ಜಾಗ ಇಲ್ಲದಿದ್ದರೆ ಹೊರಗೆ ತಳ್ಳಿಕೊಂಡು ಹೋಗಿಯಾದರೂ. ಗಾಡಿ ತಂದವರ ಹತ್ತಿರ ನಾನೇ ಹೋಗಿ ಕೇಳುವುದೂ ಉಂಟು. ಫ್ಲೋರ್ ಇನ್‌ಚಾರ್ಜ್‌ಗೆ ಅದು ಸೇರಲ್ಲ, ಹರಟೆ ಹೊಡೀತೀಯ ಅನ್ನುತ್ತಾರೆ.

ಉಳಿದದ್ದು ಬಿಲ್. ಹಳೇ ಮೋಟರ್ ಸರಿ ಇತ್ತು ಅಂದಮೇಲೆ ಹೊಸದಕ್ಕೆ ತಾವು ಯಾಕೆ ದುಡ್ಡು ಕೊಡಬೇಕು ಅಂತ ಮೇಷ್ಟ್ರು ನಿಧಾನವಾಗಿ ಕೇಳಿದರು. ಜೋಡಿಸಿದ ಎಲೆಕ್ಟ್ರಿಕಲ್ ಪಾರ್ಟ್ ವಾಪಸ್ ತಗೊಳ್ಳಲ್ಲ ಅಂತ ಮ್ಯಾನೇಜರ್ ರೂಲ್ ಹೇಳಿದರು. ಕೊನೆಗೆ ಹಳೇ ಮೋಟರನ್ನೇ ಮತ್ತೆ ಹಾಕಿ ಬಿಲ್ಲಿಂದ ಹೊಸದನ್ನು ತೆಗೆಸಿದ್ದಾಯಿತು. ಗಾಡಿ ಗೇಟ್ ದಾಟಿದಾಗ ಏಳೂಮುಕ್ಕಾಲು. ಅಮ್ಮ ಹೊರಗೆ ಬರುತ್ತಿದ್ದ ಹಾಗೆ ಗಾಜು ಇಳಿಸಿದರು, ಏರಿಸಿದರು, ಮತ್ತೆ ಇಳಿಸಿದರು, ಏರಿಸಿದರು. ನನಗೆ ಕಾಣಲಿ ಅಂತಲೇ ಇರಬೇಕು.

ಹೊಸ ಮೋಟರಿನ ದುಡ್ಡನ್ನು ಮೂರು ತಿಂಗಳು ನನ್ನ ಇನ್ಸೆಂಟಿವಲ್ಲಿ ಹಿಡಿದರು. ಹಾಗಾಗಿ ಅದೀಗ ನನ್ನ ಸ್ವಂತ ಆಸ್ತಿ. ಟ್ರಾಲಿಯ ಕೆಳಗಿನ ಖಾನೆಯಲ್ಲಿ ಡಬ್ಬದ ಸಮೇತ ಇಟ್ಟಿದ್ದೇನೆ. ಆ ಮಾಡೆಲ್‌ಗೆ ಎಡಗಡೆ ಬಾಗಿಲಿನ ಮೋಟರ್ ಬೇಕು ಅಂತ ಇವತ್ತಿನವರೆಗೆ ಒಂದು ಗಾಡಿಯೂ ಬಂದಿಲ್ಲ. ಬಲಗಡೆಯದು ಕೇಳಿಕೊಂಡು ಎರಡು ಬಂದವು.