ಕೈತೋಟ ಅಂಗಳಕ್ಕಿಂತ ತಗ್ಗಿನಲ್ಲಿರಲಿ

ಬೆಂಗಳೂರಿನ ಹೊಸ ಮನೆಗಳ ಮುಂದೆ ಒಂದು ತಪ್ಪು ತಪ್ಪದೆ ಕಾಣುತ್ತದೆ: ಟೈಲ್ಸ್ ಹಾಸಿದ ಅಂಗಳ ಕೆಳಗೆ, ಇಟ್ಟಿಗೆ ಕಟ್ಟೆ ಕಟ್ಟಿ ಮಣ್ಣು ತುಂಬಿದ ತೋಟ ಮೇಲೆ. ಮಳೆನೀರು ತೋಟವನ್ನು ಮುಟ್ಟದೆ ಗೇಟಿನಾಚೆ ಚರಂಡಿಗೆ ಓಡುತ್ತದೆ. ಎರಡು ದಿನ ಬಿಟ್ಟು ಅದೇ ತೋಟಕ್ಕೆ ಪೈಪ್ ಹಿಡಿಯಬೇಕು. ವರ್ಷಕ್ಕೆ ಸುಮಾರು 970 ಮಿ.ಮೀ. ಮಳೆಯಾಗುವ ಊರಿದು. ಒಂದು ಚದರ ಮೀಟರಿಗೆ ಒಂದು ಮಿ.ಮೀ. ಬಿದ್ದರೆ ಒಂದು ಲೀಟರ್. 100 ಚ.ಮೀ. ತಾರಸಿಯ ಲೆಕ್ಕ ಹಾಕಿ: 97,000 ಲೀಟರ್, ಅಂದರೆ 6,000 ಲೀಟರಿನ ಹದಿನಾರು ಟ್ಯಾಂಕರ್.

ತೋಟವನ್ನು ತಗ್ಗಿಸುವ ಮೊದಲು ಮಣ್ಣು ನೀರು ಕುಡಿಯುತ್ತದೆಯೇ ನೋಡಿ. ಒಂದಡಿ ಉದ್ದ, ಅಗಲ, ಆಳದ ಗುಂಡಿ ತೋಡಿ ನೀರು ತುಂಬಿ. ಅದು ಇಂಗಿದ ಮೇಲೆ ಮತ್ತೆ ತುಂಬಿ ಅಳತೆ ಹಿಡಿಯಿರಿ. ಒಣಮಣ್ಣು ಮೊದಲ ಸಲ ಸುಳ್ಳು ಹೇಳುತ್ತದೆ. ಗಂಟೆಗೆ ಒಂದು ಇಂಚಾದರೂ ಇಳಿದರೆ ಕೆಲಸ ಸಲೀಸು. ಅರ್ಧ ಇಂಚೂ ಇಳಿಯದಿದ್ದರೆ ತೋಟದಲ್ಲಿ ನೀರು ನಿಲ್ಲುವ ತಗ್ಗನ್ನು, ಮುಂದೆ ಹೇಳುವ ಆರು ಇಂಚಿನ ಬದಲು ಮೂರು ಇಂಚಿಗೆ ಇಳಿಸಿ, ಉಳಿದ ನೀರನ್ನು ಇಂಗುಬಾವಿಗೆ, ಅಂದರೆ ಅದನ್ನು ನೆಲಕ್ಕೆ ಇಂಗಿಸಲು ತೋಡುವ ಬಾವಿಗೆ, ಬಿಡಿ.

100 ಚ.ಮೀ. ತಾರಸಿಗೆ 10 ಚ.ಮೀ. ತೋಟ ಸಾಕು. ಪಾಯದಿಂದ ಹತ್ತಡಿ ದೂರದಲ್ಲಿ ಎರಡಡಿ ಅಗೆದು, ತಳವನ್ನು ಹಾರೆಯಿಂದ ಸಡಿಲಿಸಿ. ಜೆಸಿಬಿ ಓಡಾಡಿದ ತಳ ಸಿಮೆಂಟಿನಂತೆ ಗಟ್ಟಿಯಾಗಿರುತ್ತದೆ, ಅದನ್ನು ಹಾಗೇ ಬಿಟ್ಟರೆ ಮೇಲಿನದೆಲ್ಲ ದಂಡ. ಎರಡು ಪಾಲು ಮರಳು, ಒಂದು ಪಾಲು ಅಗೆದ ಮಣ್ಣು, ಒಂದು ಪಾಲು ಕಾಂಪೋಸ್ಟ್ ಕಲಸಿ ಒಂದೂವರೆ ಅಡಿ ತುಂಬಿ. ಎಂ-ಸ್ಯಾಂಡ್ (ಕಲ್ಲು ಪುಡಿಮಾಡಿ ತಯಾರಿಸಿದ ಮರಳು) ಆದರೆ ತೊಳೆದದ್ದೇ ಬೇಕು. ಅದರ ನುಣ್ಣನೆ ಧೂಳು ರಂಧ್ರಗಳನ್ನು ಮುಚ್ಚುತ್ತದೆ. ಮೇಲೆ ಉಳಿದ ಆರು ಇಂಚು ನೀರು ನಿಲ್ಲುವ ಜಾಗ. ಅಲ್ಲಿ 1,500 ಲೀಟರ್, ಮಣ್ಣಿನ ಸಂದಿಗಳಲ್ಲಿ ಸುಮಾರು ಸಾವಿರ ಲೀಟರ್ ಹಿಡಿಯುತ್ತದೆ. ತಾರಸಿಯ ಪೈಪ್ ಬಂದು ಬೀಳುವಲ್ಲಿ ದಪ್ಪ ಕಲ್ಲು ಹಾಸದಿದ್ದರೆ ಮೊದಲ ಜೋರುಮಳೆಗೇ ಹಳ್ಳ ಕೊರೆಯುತ್ತದೆ.

ಒಂದೇ ಸಂಜೆ 50 ಮಿ.ಮೀ. ಸುರಿದರೆ ತಾರಸಿಯಿಂದ ಸುಮಾರು 4,500 ಲೀಟರ್ ಬರುತ್ತದೆ. ಹೆಚ್ಚಾದದ್ದಕ್ಕೆ ಆರು ಇಂಚಿನ ಮಟ್ಟದಲ್ಲಿ, ಜಾಲರಿ ಕಟ್ಟಿದ ಪೈಪ್ ನಿಲ್ಲಿಸಿ ಇಂಗುಬಾವಿಗೆ ಕೊಡಿ. ಮೂರಡಿ ಅಗಲ, ಇಪ್ಪತ್ತಡಿ ಆಳದ ಬಾವಿ 4,000 ಲೀಟರ್ ಹಿಡಿಯುತ್ತದೆ. ಸಿಮೆಂಟ್ ರಿಂಗುಗಳನ್ನು ಗಾರೆಯಿಲ್ಲದೆ ಒಂದರ ಮೇಲೊಂದು ಇಟ್ಟು, ಹೊರಸುತ್ತಿಗೆ ಜಲ್ಲಿ ತುಂಬಬೇಕು. ಬಾವಿಯೊಳಗೆ ಜಲ್ಲಿ ಸುರಿಯುವವರಿದ್ದಾರೆ. ಅರ್ಧಕ್ಕಿಂತ ಹೆಚ್ಚು ಜಾಗ ಕಲ್ಲಿಗೇ ಹೋಗುತ್ತದೆ, ಹೂಳು ತುಂಬಿದರೆ ತೆಗೆಯುವ ದಾರಿಯೂ ಇರುವುದಿಲ್ಲ. ತಾರಸಿ ನೀರನ್ನು ನೇರ ಬೋರ್‌ವೆಲ್‌ಗೆ ಇಳಿಸುವುದಂತೂ ಬೇಡವೇ ಬೇಡ. ಪಾರಿವಾಳದ ಹಿಕ್ಕೆ, ಧೂಳು ಯಾವ ಸೋಸುವಿಕೆಯೂ ಇಲ್ಲದೆ ಅಂತರ್ಜಲಕ್ಕೆ ಸೇರುತ್ತವೆ. ಮೊದಲು ತೋಟ, ಆಮೇಲೆ ಬಾವಿ ಎಂಬ ಕ್ರಮ ಇದಕ್ಕಾಗಿಯೇ. ತಾರಸಿಯ ಕೊಳೆ ಹೊತ್ತು ಬರುವ ‘ಮೊದಲ ಮಳೆ ಬೇರ್ಪಡಿಸಲು’ ಎಂದು ಸಿಕ್ಕಿಸುವ ಮೂರಡಿ ಪೈಪಿನಿಂದಲೂ ಆಗದು: 110 ಮಿ.ಮೀ. ಪೈಪ್ ಮೀಟರಿಗೆ 9 ಲೀಟರನ್ನೂ ಹಿಡಿಯುವುದಿಲ್ಲ, ಈ ತಾರಸಿಗೆ ಬೇಕಿರುವುದು ನೂರು ಲೀಟರ್.

ಗಿಡಗಳ ಮಾತು. ತಳದಲ್ಲಿ ಕಾಬಾಳೆ, ಅಂಚಿನ ಇಳಿಜಾರಿಗೆ ಲಾವಂಚ. ಲಾವಂಚದ ಬೇರು ನೇರ ಕೆಳಗಿಳಿದು ಮಣ್ಣನ್ನು ಹಿಡಿಯುತ್ತದೆ, ಬೇಸಿಗೆಯನ್ನೂ ತಾಳುತ್ತದೆ. ಒಂದೆಲಗ, ಬಜೆ ಚೆನ್ನ, ಆದರೆ ಅವಕ್ಕೆ ಸದಾ ತೇವ ಬೇಕು. ಫೆಬ್ರವರಿಯಿಂದ ನೀರು ಹಾಕುವ ಮನಸ್ಸಿದ್ದರೆ ಮಾತ್ರ ನೆಡಿ. ಹುಲ್ಲುಹಾಸು ಈ ತಗ್ಗಿನಲ್ಲಿ ಹೂಳಿಗೆ ಸಿಕ್ಕಿ ಕೊಳೆಯುತ್ತದೆ.

ಮಳೆ ನಿಂತ 24 ಗಂಟೆಯಲ್ಲಿ ತೋಟ ಖಾಲಿಯಾಗಬೇಕು. ಸೊಳ್ಳೆ ಮೊಟ್ಟೆಯಿಂದ ಹಾರುವ ಹಂತಕ್ಕೆ ಬರಲು ಸುಮಾರು ಒಂದು ವಾರ ಬೇಕು, ಹಾಗಾಗಿ ಒಂದು ದಿನದ ನೀರಿಗೆ ಹೆದರಬೇಕಿಲ್ಲ. ಎರಡನೆಯ ದಿನವೂ ನಿಂತಿದ್ದರೆ ಮೇಲ್ಪದರದ ಎರಡು ಇಂಚು ಹೂಳು ಕೆರೆದು ತೆಗೆಯಿರಿ. ಬಹುತೇಕ ಅಲ್ಲೇ ಕಟ್ಟಿಕೊಂಡಿರುತ್ತದೆ. ಪಕ್ಕದಲ್ಲಿ ಗಾರೆ ಕೆಲಸ ನಡೆಯುತ್ತಿದ್ದರೆ ಅದು ಮುಗಿಯುವವರೆಗೆ ಪೈಪನ್ನು ಚರಂಡಿಗೇ ತಿರುಗಿಸಿಡಿ.